ಸೋಮವಾರ ಬೆಳಿಗ್ಗೆಯ ಲೆಕ್ಕ: ಬ್ರಿಟನ್ನಿನ ಗಲ್ಲಾಪೆಟ್ಟಿಗೆ ಓದುವುದು ಹೇಗೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ಶನಿವಾರ ಮಧ್ಯಾಹ್ನ, ಹೊರಗೆ ಒಳ್ಳೇ ಬಿಸಿಲು, ಆದರೂ ನೀವು ಬಂದು ಈ ಹಾಲ್ ಒಳಗೆ ಕೂತಿದ್ದೀರಿ. ಬ್ರಿಟನ್ನಿನಲ್ಲಿ ಇದು ಸಣ್ಣ ತ್ಯಾಗ ಅಲ್ಲ. ಇಷ್ಟು ಬಿಸಿಲಿರುವ ಶನಿವಾರ ಇಲ್ಲಿನ ಥಿಯೇಟರ್ ಮ್ಯಾನೇಜರ್ ಒಬ್ಬರ ಮುಖ ನೋಡಿದರೆ ನಾನು ಇವತ್ತು ಹೇಳಬೇಕಾದ ಅರ್ಧ ವಿಷಯ ನಿಮಗೆ ಅರ್ಥವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಿನಿಮಾ ವ್ಯಾಪಾರದವನಲ್ಲ. ಕೆಲವರಿಗೆ ಕ್ರಿಕೆಟ್ ಸ್ಕೋರಿನ ಹುಚ್ಚು, ನನಗೆ ಕಲೆಕ್ಷನ್ ಲೆಕ್ಕದ ಹುಚ್ಚು. ಒಂದು ನೋಟ್‌ಬುಕ್ ಇದೆ. ಪ್ರತಿ ಗುರುವಾರ ರಾತ್ರಿ ಅದರಲ್ಲಿ ವಾರಾಂತ್ಯದ ಅಂದಾಜು ಬರೆಯುತ್ತೇನೆ. ಸೋಮವಾರ, ಮಂಗಳವಾರ ನಿಜವಾದ ಲೆಕ್ಕ ಬಂದಾಗ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಕೆಂಪು ಜಾಸ್ತಿ ಇರುವ ಪುಸ್ತಕ ಅದು. ಮನೆಯವರು ಅದಕ್ಕೆ ‘ಪಂಚಾಂಗ’ ಅಂತ ಹೆಸರಿಟ್ಟಿದ್ದಾರೆ. ತಮಾಷೆಗೆ ಇಟ್ಟ ಹೆಸರೇ ಸರಿಯಾಗಿದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಲೆಕ್ಕ ಬರುವುದಾದರೂ ಎಲ್ಲಿಂದ? ನಮ್ಮ ಗಾಂಧಿನಗರದಲ್ಲಿ ಕಲೆಕ್ಷನ್ ಅಂದರೆ ಬಹಳ ಕಾಲ ನಿರ್ಮಾಪಕರು ಪೋಸ್ಟರ್ ಮೇಲೆ ಹಾಕಿದ್ದೇ ಲೆಕ್ಕ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇಲ್ಲಿ ಮೂರನೆಯವರೊಬ್ಬರು ಎಣಿಸುತ್ತಾರೆ. ಈಗ ಆ ಕೆಲಸ ಮಾಡುವುದು ಕಾಮ್‌ಸ್ಕೋರ್ ಅನ್ನುವ ಕಂಪನಿ. ಥಿಯೇಟರಿನ ಟಿಕೆಟ್ ಮಾರುವ ಕಂಪ್ಯೂಟರಿನಿಂದ ಲೆಕ್ಕ ಸೀದಾ ಅವರಿಗೆ ಹೋಗುತ್ತದೆ. ಇದರ ಬೇರು ಅಮೆರಿಕದಲ್ಲಿದೆ. 1976ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇಡಿಐ ಅಂತ ಒಂದು ಕಂಪನಿ ಶುರುವಾಯಿತು. ಅವರು ಮಾಡುತ್ತಿದ್ದ ಕೆಲಸ ಇಷ್ಟೇ, ಒಂದೊಂದು ಥಿಯೇಟರಿಗೂ ಫೋನ್ ಮಾಡಿ ‘ಇವತ್ತು ಎಷ್ಟಾಯಿತು’ ಅಂತ ಕೇಳುವುದು. ಅದು ಆಮೇಲೆ ನೀಲ್ಸನ್ ಕೈಗೆ ಹೋಯಿತು, 2010ರಲ್ಲಿ ರೆನ್‌ಟ್ರಾಕ್ ಕೊಂಡಿತು, 2016ರಲ್ಲಿ ರೆನ್‌ಟ್ರಾಕ್ ಕಾಮ್‌ಸ್ಕೋರ್ ಜೊತೆ ಸೇರಿಹೋಯಿತು. ನಮ್ಮಂಥವರಿಗೆ ಸಿಗುವುದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ವಾರವಾರ ಹಾಕುವ ಪಟ್ಟಿ. ಮೊದಲ 15 ಸಿನಿಮಾ, ಶುಕ್ರವಾರದಿಂದ ಭಾನುವಾರದ ಗಳಿಕೆ, ಎಷ್ಟು ಥಿಯೇಟರ್, ಇಲ್ಲಿವರೆಗೆ ಒಟ್ಟು ಎಷ್ಟು. ಒಂದು ವಿಚಿತ್ರ ಇದೆ, ‘ಬ್ರಿಟನ್’ ಅಂತ ನಾವು ಹೇಳುವ ಈ ಲೆಕ್ಕದಲ್ಲಿ ಐರ್ಲೆಂಡ್ ಗಣರಾಜ್ಯವೂ ಸೇರಿದೆ. ಆ ದೇಶ ಬೇರೆಯಾಗಿ ನೂರು ವರ್ಷ ಆಯಿತು. ಸಿನಿಮಾ ಹಂಚಿಕೆಯ ಭೂಪಟದಲ್ಲಿ ಮಾತ್ರ ಇನ್ನೂ ಒಟ್ಟು ಕುಟುಂಬ.

ಆ ಮೊತ್ತ ನಿರ್ಮಾಪಕರ ಜೇಬಿಗೆ ಹೋಗುವ ದುಡ್ಡಲ್ಲ, ಇದನ್ನು ಮರೆಯಬೇಡಿ. ಅದರಲ್ಲಿ 20 ಪರ್ಸೆಂಟ್ ವ್ಯಾಟ್ ಸೇರಿರುತ್ತದೆ. ಹತ್ತು ಪೌಂಡ್ ಟಿಕೆಟ್ ಕೊಂಡರೆ 1.67 ಪೌಂಡ್ ಸರ್ಕಾರಕ್ಕೆ. ಉಳಿದಿದ್ದರಲ್ಲಿ ಥಿಯೇಟರಿನವರ ಪಾಲು, ವಿತರಕರ ಪಾಲು. ಗಾಂಧಿನಗರದ ಭಾಷೆಯಲ್ಲಿ ಹೇಳಿದರೆ ಪತ್ರಿಕೆಯಲ್ಲಿ ಬರುವುದು ಗ್ರಾಸ್, ಅಂದರೆ ಟಿಕೆಟ್ ಮಾರಿದ ಒಟ್ಟು ದುಡ್ಡು; ಶೇರ್, ಅಂದರೆ ವಿತರಕರ ಪಾಲು, ಅಲ್ಲ. ‘ಅಷ್ಟು ಕೋಟಿ ಬಾಚಿತು’ ಅನ್ನುವ ತಲೆಬರಹ ನೋಡಿದಾಗ ಮನಸ್ಸಿನಲ್ಲೇ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ.

ಪಟ್ಟಿಯಲ್ಲಿ ಮೊದಲ ಸ್ಥಾನ ಯಾರದ್ದು ಅಂತ ನೋಡುವುದು ಎಲ್ಲರ ಚಾಳಿ. ನಾನು ಮೊದಲು ನೋಡುವುದು ಒಂದು ಥಿಯೇಟರಿಗೆ ಸರಾಸರಿ ಎಷ್ಟು ಅನ್ನುವುದನ್ನು. ಒಂದು ಸಿನಿಮಾ 600 ಕಡೆ ಹಾಕಿ 12 ಲಕ್ಷ ಪೌಂಡ್ ತಂತು ಅಂದುಕೊಳ್ಳಿ. ಇನ್ನೊಂದು 40 ಕಡೆ ಹಾಕಿ 2 ಲಕ್ಷ ತಂತು. ಪಟ್ಟಿಯಲ್ಲಿ ಮೊದಲನೆಯದು ಎಷ್ಟೋ ಮೇಲಿರುತ್ತದೆ. ಆದರೆ ಅದರದ್ದು ಥಿಯೇಟರಿಗೆ 2000, ಎರಡನೆಯದರದ್ದು 5000. ಸೋಮವಾರ ಬೆಳಿಗ್ಗೆ ಥಿಯೇಟರಿನವರು ಯಾರ ಫೋನ್ ಎತ್ತುತ್ತಾರೆ ಹೇಳಿ? ಇಲ್ಲಿನ ಸಿನಿಮಾ ವಾರ ಶುಕ್ರವಾರದಿಂದ ಗುರುವಾರದವರೆಗೆ. ಮುಂದಿನ ಶುಕ್ರವಾರದಿಂದ ಯಾವ ಸಿನಿಮಾಗೆ ಎಷ್ಟು ಶೋ, ಯಾವುದನ್ನು ದೊಡ್ಡ ಸ್ಕ್ರೀನಿನಿಂದ ಚಿಕ್ಕದಕ್ಕೆ ತಳ್ಳುವುದು, ಯಾವುದನ್ನು ಎತ್ತಿಬಿಡುವುದು, ಇದೆಲ್ಲ ಸೋಮವಾರವೇ ತೀರ್ಮಾನ ಆಗುತ್ತದೆ. ಹೋದ ಮೂರು ದಿನದ ಲೆಕ್ಕ ನೋಡಿಯೇ ತೀರ್ಮಾನ. ಒಂದು ಸಿನಿಮಾದ ಆಯಸ್ಸು ಹೀಗೆ ಸೋಮವಾರದಿಂದ ಸೋಮವಾರಕ್ಕೆ ನವೀಕರಣ ಆಗುತ್ತಾ ಹೋಗುತ್ತದೆ, ಬಾಡಿಗೆ ಮನೆ ಥರ.

ಓಪನಿಂಗ್ ಲೆಕ್ಕದಲ್ಲಿ ಒಂದು ಕಳ್ಳದಾರಿಯೂ ಇದೆ. ಬುಧವಾರ, ಗುರುವಾರದ ಶೋಗಳನ್ನು ಮೊದಲ ವಾರಾಂತ್ಯಕ್ಕೇ ಸೇರಿಸಿ ಹೇಳುತ್ತಾರೆ. 2018ರಲ್ಲಿ ಜುರಾಸಿಕ್ ವರ್ಲ್ಡ್‌ನ ಎರಡನೇ ಚಿತ್ರ ಇಲ್ಲಿ ಜೂನ್ 6ಕ್ಕೆ ಬಂತು, ಅಮೆರಿಕದಲ್ಲಿ 22ಕ್ಕೆ. ಫುಟ್‌ಬಾಲ್ ವಿಶ್ವಕಪ್ 14ಕ್ಕೆ ಶುರುವಾಗುವುದಿತ್ತು, ಅದಕ್ಕೆ ಮುಂಚೆ ಬಾಚಿಕೊಳ್ಳೋಣ ಅನ್ನುವ ಲೆಕ್ಕಾಚಾರ ಎದ್ದು ಕಾಣುತ್ತದೆ. ಜೂನ್ 6 ಬುಧವಾರ. ಅಂದರೆ ಅದರ ‘ವಾರಾಂತ್ಯ’ ಐದು ದಿನದ್ದು! ಅದನ್ನು ಮೂರೇ ದಿನದ ಎರಡನೇ ವಾರಾಂತ್ಯದ ಜೊತೆ ಹೋಲಿಸಿದರೆ ಸಿನಿಮಾ ಧೊಪ್ಪಂತ ಬಿದ್ದ ಹಾಗೆ ಕಾಣುತ್ತದೆ. ಬಿದ್ದಿದ್ದಲ್ಲ, ಎಣಿಸಿದ ದಿನಗಳೇ ಬೇರೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ. ನಮ್ಮಲ್ಲಿ ಹಿಂದೆ ‘ನೂರು ದಿನ ಓಡಿತು’ ಅನ್ನುತ್ತಿದ್ದೆವು. ಎಷ್ಟು ಬಾಚಿತು ಅಂತ ಅಲ್ಲ, ಎಷ್ಟು ಓಡಿತು ಅಂತ. ಈಗ ಅದೇ ಮಾತನ್ನು ಅಂಕಿಯಲ್ಲಿ ಹೇಳಬಹುದು. ಒಟ್ಟು ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿ, ಬರುವ ಸಂಖ್ಯೆಯೇ ಆ ಸಿನಿಮಾದ ಓಟ. 2015ರ ಡಿಸೆಂಬರ್‌ನಲ್ಲಿ ಬಂದ ಸ್ಟಾರ್ ವಾರ್ಸ್ ಚಿತ್ರ ಸುಮಾರು 3.4 ಕೋಟಿ ಪೌಂಡ್‌ನಿಂದ ಶುರುವಾಗಿ 12.3 ಕೋಟಿಗೆ ನಿಂತಿತು. ಓಟ ಮೂರೂವರೆ. 2012ರ ಬಾಂಡ್ ಚಿತ್ರ ಸ್ಕೈಫಾಲ್ 2 ಕೋಟಿಯಿಂದ 10.3 ಕೋಟಿ, ಅಂದರೆ ಐದು. ಬ್ರಿಟನ್ನಿನಲ್ಲಿ 10 ಕೋಟಿ ಪೌಂಡ್ ದಾಟಿದ ಮೊದಲ ಸಿನಿಮಾ ಅದು. ಸ್ಲಮ್‌ಡಾಗ್ ಮಿಲಿಯನೇರ್ 2009ರ ಜನವರಿಯಲ್ಲಿ ಬರೀ 18 ಲಕ್ಷದಿಂದ ಶುರುವಾಯಿತು. ಎರಡನೇ ವಾರಾಂತ್ಯ ಎಲ್ಲ ಸಿನಿಮಾ ಬೀಳುತ್ತವೆ, ಇದು 47 ಪರ್ಸೆಂಟ್ ಮೇಲಕ್ಕೆ ಹೋಯಿತು. ಕೊನೆಗೆ 3.1 ಕೋಟಿ ದಾಟಿತು, ಹದಿನೇಳು ಪಟ್ಟು!

ನನ್ನ ಮೂಗು ಕತ್ತರಿಸಿದ್ದು ಮಾತ್ರ ಮಮ್ಮಾ ಮಿಯಾ. 2008ರ ಜುಲೈ. ಹಾಡಿನ ಸಿನಿಮಾ, ಹುಡುಗರು ನೋಡಲ್ಲ, ವಿಮರ್ಶಕರಲ್ಲಿ ಅರ್ಧ ಜನ ಮೂಗು ಮುರಿದಿದ್ದರು. ಮೊದಲ ವಾರಾಂತ್ಯ 66 ಲಕ್ಷ ಬಂತು. ನಾನು ಪಂಚಾಂಗದಲ್ಲಿ ‘ಒಟ್ಟು 2 ಕೋಟಿ’ ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ಆಗಸ್ಟ್ ಪೂರ್ತಿ ಮಳೆ. ಅಮ್ಮಂದಿರು ಹೋದರು, ಆಮೇಲೆ ಅಜ್ಜಿಯರನ್ನು ಕರೆದುಕೊಂಡು ಹೋದರು, ಆಮೇಲೆ ಗೆಳತಿಯರ ಜೊತೆ ಮೂರನೇ ಸಲ ಹೋದರು. 6.9 ಕೋಟಿ ಆಯಿತು, ಇಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ ಅನ್ನುವ ಟೈಟಾನಿಕ್‌ನ ದಾಖಲೆಯೇ ಹೋಯಿತು. ನಮ್ಮ ಆಫೀಸಿನ ಸ್ವಾಗತದ ಮೇಜಿನಲ್ಲಿದ್ದ ಹೆಂಗಸೊಬ್ಬರು ಅದನ್ನು ಐದು ಸಲ ನೋಡಿದ್ದರು. ನಾನು ದಿನಾ ಅವರ ಮುಂದೆಯೇ ಹಾದು ಹೋಗುತ್ತಿದ್ದೆ, ಒಂದು ಮಾತು ಕೇಳಬೇಕು ಅಂತ ಅನಿಸಲಿಲ್ಲ ನೋಡಿ.

ಅಲ್ಲಿಂದ ನಾನು ಕಲಿತಿದ್ದು, ಈ ದೇಶದಲ್ಲಿ ಯಾವ ಸಿನಿಮಾ ಅನ್ನುವುದರ ಜೊತೆಗೇ ಯಾರು ಯಾವ ದಿನ ಮನೆಯಿಂದ ಹೊರಡುತ್ತಾರೆ ಅಂತ ಗೊತ್ತಿರಬೇಕು. ಅದಕ್ಕೇ ಪಂಚಾಂಗ ಅನ್ನುವ ಹೆಸರು ಸರಿ ಅಂದಿದ್ದು.

ಡಿಸೆಂಬರ್ 25ಕ್ಕೆ ಇಲ್ಲಿ ಹೆಚ್ಚುಕಮ್ಮಿ ಎಲ್ಲ ಥಿಯೇಟರ್ ಬಾಗಿಲು ಹಾಕಿರುತ್ತವೆ. ಅಮೆರಿಕದಲ್ಲಿ ಅದು ಭರ್ಜರಿ ದಿನ. ಅಲ್ಲಿನ ಲೆಕ್ಕ ನೋಡಿ ಇಲ್ಲಿನದ್ದು ಬರೆದರೆ ಕೆಟ್ಟಿರಿ. ಮಕ್ಕಳ ಸಿನಿಮಾ ಅಂದರೆ ಶಾಲೆಯ ನಡು ರಜೆ ನೋಡಬೇಕು, ಫೆಬ್ರವರಿ, ಮೇ, ಅಕ್ಟೋಬರ್. ಬೇಸಿಗೆ ರಜೆ ಸ್ಕಾಟ್ಲೆಂಡಿನಲ್ಲಿ ಜೂನ್ ಕೊನೆಗೇ ಶುರು, ಇಂಗ್ಲೆಂಡಿನಲ್ಲಿ ಜುಲೈ ಕೊನೆಗೆ. ಹಾಗಾಗಿ ಜುಲೈ ಮೊದಲ ವಾರ ಗ್ಲ್ಯಾಸ್ಗೋದಲ್ಲಿ ಮಕ್ಕಳು ಥಿಯೇಟರಿನಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಇನ್ನೂ ತರಗತಿಯಲ್ಲಿ. ಇನ್ನು ವಯಸ್ಸಾದವರು. ಅವರು ಶನಿವಾರ ರಾತ್ರಿಯ ಗಲಾಟೆಗೆ ಬರುವುದೇ ಇಲ್ಲ. ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಶೋ, ಜೊತೆಗೆ ಒಂದು ಕಪ್ ಟೀ. ನಿವೃತ್ತರ ಗುಂಪೊಂದು ರಾಜಸ್ಥಾನಕ್ಕೆ ಬಂದಿಳಿಯುವ ಕತೆಯ ಬೆಸ್ಟ್ ಎಕ್ಸಾಟಿಕ್ ಮ್ಯಾರಿಗೋಲ್ಡ್ ಹೋಟೆಲ್ 2012ರಲ್ಲಿ 2 ಕೋಟಿ ಪೌಂಡ್ ತಂದಿದ್ದು ಇಂಥ ಮಧ್ಯಾಹ್ನಗಳ ಬಲದಿಂದ. ವಾರಾಂತ್ಯದ ಪಟ್ಟಿ ಮಾತ್ರ ನೋಡುವವನಿಗೆ ಈ ಜನ ಕಾಣುವುದೇ ಇಲ್ಲ. ಇದರ ಮೇಲೆ ವಾರದ ನಡುವಿನ ‘ಒಂದಕ್ಕೆ ಎರಡು’ ಟಿಕೆಟ್. 2004ರಿಂದ 2015ರವರೆಗೆ ಒಂದು ಮೊಬೈಲ್ ಕಂಪನಿ ಬುಧವಾರಕ್ಕೆ ಅದನ್ನು ಕೊಡುತ್ತಿತ್ತು, ಆಮೇಲೆ ವಿಮೆ ಹೋಲಿಸುವ ವೆಬ್‌ಸೈಟಿನವರು ಮಂಗಳವಾರ, ಬುಧವಾರ ಎರಡಕ್ಕೂ ಶುರುಮಾಡಿದರು. ಸತ್ತ ದಿನಗಳಿಗೆ ಜೀವ ಬಂತು.

ಹವಾಮಾನದ ಬಗ್ಗೆ ಎಲ್ಲರೂ ‘ಮಳೆ ಬಂದರೆ ಒಳ್ಳೇದು’ ಅನ್ನುತ್ತಾರೆ. ಅಷ್ಟು ಸಲೀಸಲ್ಲ. ಜಿಟಿಜಿಟಿ ಮಳೆ ಒಳ್ಳೇದು. 2018ರ ಮಾರ್ಚ್ ಶುರುವಿನಲ್ಲಿ ಬಂದಂಥ ಹಿಮ ಕೆಟ್ಟದ್ದು, ರಸ್ತೆಯೇ ಇಲ್ಲದಿದ್ದರೆ ಥಿಯೇಟರಿಗೆ ಯಾರು ಬರುತ್ತಾರೆ. ತುಂಬಾ ದಿನ ಮೋಡ ಇದ್ದು ದಿಢೀರಂತ ಬರುವ ಮೊದಲ ಬಿಸಿಲಿನ ಶನಿವಾರ ಎಲ್ಲಕ್ಕಿಂತ ಕೆಟ್ಟದ್ದು, ಜನ ಪಾರ್ಕಿಗೆ ಓಡುತ್ತಾರೆ. 2023ರ ಜುಲೈ 21, ಬಾರ್ಬಿ ಮತ್ತು ಆಪನ್‌ಹೈಮರ್ ಒಂದೇ ದಿನ. ಒಂದು ಇನ್ನೊಂದನ್ನು ತಿಂದುಹಾಕುತ್ತದೆ ಅಂತ ನಾನೂ ಬರೆದಿದ್ದೆ. ಬಾರ್ಬಿ 1.85 ಕೋಟಿ, ಆಪನ್‌ಹೈಮರ್ 1.09 ಕೋಟಿ! ಮೂರು ಗಂಟೆಯ ವಿಜ್ಞಾನಿಯ ಕತೆಗೆ! ಜನ ಎರಡಕ್ಕೂ ಟಿಕೆಟ್ ತೆಗೆದುಕೊಂಡರು, ಅದೊಂದು ಜಾತ್ರೆ ಆಯಿತು, ನಿಜ. ಆದರೆ ಆ ಜುಲೈ ತಿಂಗಳಿಡೀ ಮಳೆ ಸುರಿದಿತ್ತು, ಶಾಲೆಗಳಿಗೆ ಆಗತಾನೇ ರಜೆ ಬಿಟ್ಟಿತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಸೋಮಾರಿ ಸೂತ್ರ ಇದೆ. ಅಮೆರಿಕದಲ್ಲಿ ಎಷ್ಟು ಡಾಲರ್ ಬಂತೋ ಅದರ ಹತ್ತನೇ ಒಂದು ಪಾಲು ಪೌಂಡ್ ಇಲ್ಲಿ ಬರುತ್ತದೆ ಅಂತ. ಸ್ಕೈಫಾಲ್‌ಗೆ ಅಲ್ಲಿ ಬಂದಿದ್ದು 30 ಕೋಟಿ ಡಾಲರ್. ಸೂತ್ರದ ಪ್ರಕಾರ ಇಲ್ಲಿ 3 ಕೋಟಿ, ನಿಜಕ್ಕೂ 10. ಬ್ಲ್ಯಾಕ್ ಪ್ಯಾಂಥರ್ ಅಲ್ಲಿ 70 ಕೋಟಿ ಡಾಲರ್, ಇಲ್ಲಿ 7 ಬರಬೇಕಿತ್ತು, ಬಂದಿದ್ದು ಸುಮಾರು 5. ಬ್ರಿಜೆಟ್ ಜೋನ್ಸ್‌ನ ನಾಲ್ಕನೇ ಚಿತ್ರ 2025ರಲ್ಲಿ ಅಮೆರಿಕದ ಥಿಯೇಟರಿಗೆ ಬರದೇ ಸೀದಾ ಒಟಿಟಿಗೆ ಹೋಯಿತು. ಇಲ್ಲಿ 4.5 ಕೋಟಿ ಪೌಂಡ್ ದಾಟಿತು. ಸೊನ್ನೆಯನ್ನು ಹತ್ತರಿಂದ ಭಾಗಿಸಿ ನೋಡಿ, ಎಷ್ಟು ಬರುತ್ತದೆ ಅಂತ.

ಒಟ್ಟು ಮಾರುಕಟ್ಟೆಯೂ ಕುಗ್ಗಿದೆ, ಅಂದಾಜು ಮಾಡುವಾಗ ಇದು ತಲೆಯಲ್ಲಿರಬೇಕು. 1946ರಲ್ಲಿ ಈ ದೇಶದಲ್ಲಿ 163 ಕೋಟಿ ಟಿಕೆಟ್ ಹೋಗಿದ್ದವು. ಟಿವಿ ಬಂತು, ವಿಡಿಯೊ ಬಂತು, 1984ಕ್ಕೆ ಅದು 5.4 ಕೋಟಿ. ಮುಂದಿನ ವರ್ಷ ಮಿಲ್ಟನ್ ಕೀನ್ಸ್‌ನಲ್ಲಿ ಹತ್ತು ಸ್ಕ್ರೀನಿನ ಮೊದಲ ಮಲ್ಟಿಪ್ಲೆಕ್ಸ್ ತೆರೆಯಿತು, ಮತ್ತೆ ಏರಿ 2018ಕ್ಕೆ 17.7 ಕೋಟಿ ತಲುಪಿತು. ಕೋವಿಡ್‌ನ 2020ರಲ್ಲಿ 4.4. ಆಮೇಲೆ ಚೇತರಿಸಿಕೊಂಡರೂ 2024ಕ್ಕೆ 12.6 ಕೋಟಿಯಲ್ಲೇ ಇದೆ. ಹಾಗಾಗಿ 2018ರ ಯಾವುದೋ ಸಿನಿಮಾ ಇಟ್ಟುಕೊಂಡು ಇವತ್ತಿನದ್ದಕ್ಕೆ ಹೋಲಿಸಿದರೆ ಅಂದಾಜು ಮೇಲಕ್ಕೇ ಹೋಗುತ್ತದೆ.

ಕೊನೆಗೆ ನೀವೆಲ್ಲ ಕಾಯುತ್ತಿರುವ ಪ್ರಶ್ನೆ, ನಮ್ಮ ಸಿನಿಮಾಗಳು. 1998ರಲ್ಲಿ ದಿಲ್ ಸೇ ಇಲ್ಲಿನ ಮೊದಲ ಹತ್ತರಲ್ಲಿ ಬಂದ ಮೊದಲ ಭಾರತೀಯ ಚಿತ್ರ ಅನ್ನುತ್ತಾರೆ. ಈಗ ಅದು ಸುದ್ದಿಯೇ ಅಲ್ಲ. ನಮ್ಮ ಸಿನಿಮಾಗಳು ಕಡಿಮೆ ಥಿಯೇಟರಿನಲ್ಲಿ, ಫೆಲ್ಟಮ್, ಇಲ್ಫರ್ಡ್, ಲೆಸ್ಟರ್ ಥರ ನಮ್ಮ ಜನ ಜಾಸ್ತಿ ಇರುವ ಕಡೆ ಬರುತ್ತವೆ. ಸರಾಸರಿ ಚೆನ್ನಾಗಿರುತ್ತದೆ, ಎರಡನೇ ವಾರ ಜರ್ರಂತ ಇಳಿಯುತ್ತದೆ. ಸಿನಿಮಾ ಕೆಟ್ಟದು ಅಂತಲ್ಲ, ನೋಡುವ ಜನ ಮೊದಲ ಮೂರು ದಿನದಲ್ಲೇ ಮುಗಿದುಹೋಗಿರುತ್ತಾರೆ. ಇಂಗ್ಲಿಷ್ ಅಜ್ಜಿ ಮಂಗಳವಾರ ಬರುತ್ತಾರೆ. ನಾವು ಶುಕ್ರವಾರ ರಾತ್ರಿಯೇ ಬರದಿದ್ದರೆ ಶನಿವಾರ ಬೆಳಿಗ್ಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಮುಖ ತೋರಿಸೋಕಾಗಲ್ಲ.

ಕೆಜಿಎಫ್ ಎರಡನೇ ಭಾಗ ನೆನಪಿಸಿಕೊಳ್ಳಿ. 2022ರ ಏಪ್ರಿಲ್ 14, ಗುರುವಾರ. ಮರುದಿನ ಗುಡ್ ಫ್ರೈಡೇ, ಸೋಮವಾರ ಈಸ್ಟರ್ ರಜೆ. ನಮ್ಮಲ್ಲಿ ಅದು ಯುಗಾದಿ ಮುಗಿದ ಬೇಸಿಗೆಯ ಲೆಕ್ಕದಲ್ಲಿ ಇಟ್ಟ ತಾರೀಕು, ಇಲ್ಲಿ ಪುಕ್ಕಟೆಯಾಗಿ ನಾಲ್ಕು ದಿನದ ರಜೆ ಸಿಕ್ಕಿತು. ಆ ಗುರುವಾರ ರಾತ್ರಿ ನಾನು ಬುಕಿಂಗ್ ಪುಟಗಳನ್ನು ತೆರೆದು ಒಂದೊಂದೇ ಸೀಟು ಎಣಿಸುತ್ತಾ ಕೂತಿದ್ದೆ. ಈಗಲೂ ಅದೇ ನನ್ನ ವಿಧಾನ. ಮೂರು ಊರು ಆರಿಸಿಕೊಳ್ಳುತ್ತೇನೆ, ಶನಿವಾರ ಸಂಜೆಯ ಶೋ ಮಾತ್ರ ನೋಡುತ್ತೇನೆ, ಹಳೇ ಸಿನಿಮಾಗೆ ಅದೇ ಹೊತ್ತಿಗೆ ಎಷ್ಟು ತುಂಬಿತ್ತು ಅಂತ ಪಂಚಾಂಗ ತೆಗೆದು ನೋಡುತ್ತೇನೆ. ಮುಂದಿನ ಸಾಲು ಖಾಲಿ ಇದ್ದರೆ ಪರವಾಗಿಲ್ಲ, ಅದು ಯಾವಾಗಲೂ ಖಾಲಿ. ಹಿಂದಿನ ಮೂಲೆ ಸೀಟು ಖಾಲಿ ಇದ್ದರೆ ಮಾತ್ರ ಕಷ್ಟ.

ಈಗ ಪ್ರಶ್ನೆ ಕೇಳಿ. ಟೀ ಬಂದಿದೆ ಅನಿಸುತ್ತೆ, ಕುಡಿಯುತ್ತಲೇ ಮಾತಾಡೋಣ.