ಕರ್ಲಿ ಕುದುರೆಯ ಬೆನ್ನ ಮೇಲೆ: ಸವಾರಿ, ಅಲರ್ಜಿ ಮತ್ತು ಒಂದು ತಳಿ ಉಳಿದ ಬಗೆ

[ದೃಶ್ಯ: ಪುಣೆ ಕ್ಯಾಂಪಿನ ರೇಸ್‌ಕೋರ್ಸ್, ಬೆಳಗಿನ ವ್ಯಾಯಾಮಕ್ಕೆ ಬಂದ ಕುದುರೆಗಳು]

ನಮಸ್ಕಾರ. ಪುಣೆಯಲ್ಲಿ ಕುದುರೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಈ ರೇಸ್‌ಕೋರ್ಸ್. ಜುಲೈ ಬಂತು ಅಂದ್ರೆ ಮಳೆಯ ನಡುವೆಯೇ ಇಲ್ಲಿ ಸೀಸನ್ ಶುರು. ಓಡೋದೆಲ್ಲ ಥರೋಬ್ರೆಡ್, ಉದ್ದ ಕಾಲು, ನುಣ್ಣಗೆ ಹೊಳೆಯೋ ಮೈ. ಇವತ್ತು ನಾನು ಹೇಳಹೊರಟಿರೋ ಕುದುರೆಯ ಮೈ ಹೀಗಲ್ಲ. ಚಳಿಗಾಲದಲ್ಲಿ ಅದರ ಮೈತುಂಬ ಕುರಿಮರಿಯ ತುಪ್ಪಟದ ಹಾಗೆ ಸುರುಳಿ ಸುರುಳಿ ಕೂದಲು. ಕಿವಿಯೊಳಗೂ ಸುರುಳಿ, ಮೂತಿಯ ಮೀಸೆಯೂ ಸುರುಳಿ, ಕಣ್ರೆಪ್ಪೆ ಕೂಡ ಮೇಲಕ್ಕೆ ಸುತ್ತಿಕೊಂಡಿರುತ್ತೆ. ಇದು ಅಮೆರಿಕದ ಕರ್ಲಿ ಕುದುರೆ.

ನಾನು ಪುಣೆ ಪಕ್ಕದ ಚಾಕಣದಲ್ಲಿ ಕೆಲಸ ಮಾಡೋಳು. ಕಂಪನಿ ಜರ್ಮನಿಗೆ ಕಳಿಸಿದಾಗ ಅಲ್ಲಿ ಕರ್ಲಿಗಳನ್ನೇ ಸಾಕುವ ಒಂದು ಲಾಯ ಸಿಕ್ಕಿತು. ರಜೆ ಸಿಕ್ಕಾಗೆಲ್ಲ ಅಲ್ಲಿಗೇ ಹೋಗ್ತಿದ್ದೆ. ಕಾರಣ ಇತ್ತು: ನನಗೆ ಕುದುರೆ ಅಂದ್ರೆ ಪ್ರಾಣ, ಆದರೆ ಪುಣೆಯಲ್ಲಿ ಸವಾರಿ ಮಾಡಿ ಬಂದ ಸಂಜೆ ಕಣ್ಣು ಕೆಂಪು, ಮೂಗು ಕಟ್ಟಿ ಸೀನು.

ವಾಪಸ್ ಬಂದ ಮೇಲೆ ಇಲ್ಲಿ ನಾನು ಸವಾರಿ ಮಾಡೋ ಲಾಯದಲ್ಲಿ ಕುದುರೆ ನೋಡಿಕೊಳ್ಳೋ ಸೈಸ್ ಕಾಕಾಗೆ ಕರ್ಲಿಯ ಫೋಟೋ ತೋರಿಸಿದೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಹುಟ್ಟಿದಾಗಿನಿಂದ ಕುದುರೆ ಜೊತೆಗೇ ಬೆಳೆದವರು. ಫೋಟೋ ನೋಡಿ ಹೇಳಿದ್ರು: "ಅಕ್ಕಾರ, ಕೂದಲಾ ಭಾಳ ಚಂದ ಅದಾವ್ರಿ. ಆದ್ರ ಬೆನ್ನ ಹ್ಯಾಂಗೈತಿ ಹೇಳ್ರಿ. ಕುಂದ್ರೂದು ಬೆನ್ನ ಮ್ಯಾಲ."

ಕಾಕಾ ಕೇಳಿದ್ದೇ ಸರಿಯಾದ ಪ್ರಶ್ನೆ. ಅಲ್ಲಿಂದಲೇ ಶುರು ಮಾಡ್ತೀನಿ.

[ದೃಶ್ಯ: ಕರ್ಲಿಯ ಬೆನ್ನು, ಜೀನು ಹಾಕುತ್ತಿರುವ ಕೈಗಳು]

ಕರ್ಲಿ ಸಾಮಾನ್ಯವಾಗಿ 14ರಿಂದ 15 ಹ್ಯಾಂಡ್ ಎತ್ತರ. ಒಂದು ಹ್ಯಾಂಡ್ ಅಂದ್ರೆ 4 ಇಂಚು. ಹಾಗಾಗಿ ಭುಜದ ಹತ್ತಿರ ಸುಮಾರು 4 ಅಡಿ 8 ಇಂಚಿನಿಂದ 5 ಅಡಿ. ಇಲ್ಲಿನ ಥರೋಬ್ರೆಡ್ಡಿಗಿಂತ ಒಂದು ಮೆಟ್ಟಿಲು ಕೆಳಗೆ. ಬೆನ್ನು ಗಿಡ್ಡ, ಹೊಟ್ಟೆಯ ಸುತ್ತಳತೆ ಗುಂಡಗೆ. ಥರೋಬ್ರೆಡ್ಡಿನ ಇಕ್ಕಟ್ಟು ಜೀನು ಇದಕ್ಕೆ ಕೂರೋದಿಲ್ಲ, ಭುಜ ಒತ್ತುತ್ತೆ. ಮುಂಭಾಗ ಅಗಲವಾದ ಜೀನೇ ಬೇಕು. ಕೂತಾಗ ತೊಡೆ ಅಗಲಕ್ಕೆ ಹರಡಿ, ದೇಹದ ಭಾರ ಕೆಳಕ್ಕೆ ಇಳಿದ ಹಾಗಾಗುತ್ತೆ. ಹೊಸದಾಗಿ ಕಲಿಯೋರಿಗೆ ಇದರಿಂದ ಬರೋ ಧೈರ್ಯ ಸಣ್ಣದಲ್ಲ.

ಇನ್ನು ಗುಣ. ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ ಗಾಳಿಗೆ ಪಟಪಟ ಅಂದ್ರೆ ರೇಸಿಗಾಗಿ ಬೆಳೆಸಿದ ಕುದುರೆ ಪಕ್ಕಕ್ಕೆ ಹಾರಿ ಓಡೋದು ಹೆಚ್ಚು. ನಾನು ಹತ್ತಿದ ಕರ್ಲಿಗಳು ಅಲ್ಲೇ ನಿಂತುಬಿಡ್ತಿದ್ದವು. ಕಿವಿ ಮುಂದೆ ಮಾಡಿ ನೋಡ್ತಿದ್ದವು, ಆಮೇಲೆ ಹೆಜ್ಜೆ ಇಡ್ತಿದ್ದವು. ಸಾಕುವವರೆಲ್ಲ ಹೇಳೋದೂ ಇದನ್ನೇ: ಓಡೋದಕ್ಕಿಂತ ಮೊದಲು ನಿಂತು ನೋಡುತ್ತೆ, ಮನುಷ್ಯರ ಹತ್ತಿರ ತಾನಾಗಿ ಬರುತ್ತೆ. ತಳಿಯ ಜೊತೆಗೆ ಪಳಗಿಸಿದ ಕೈಯೂ ಇದರಲ್ಲಿ ಸೇರಿರುತ್ತೆ. ಕೆಟ್ಟದಾಗಿ ಪಳಗಿಸಿದ ಕರ್ಲಿಯೂ ಒದೆಯುತ್ತೆ. ಕೂದಲು ನೋಡಿ ಮಗುವನ್ನು ಹತ್ತಿಸಬೇಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಡೆ. ಎಲ್ಲ ಕರ್ಲಿಗಳಿಗೂ ಇರೋದಿಲ್ಲ, ಕೆಲವಕ್ಕೆ ಫಾಕ್ಸ್‌ಟ್ರಾಟ್ ಅನ್ನೋ ನಡೆ ಹುಟ್ಟಿನಿಂದಲೇ ಬಂದಿರುತ್ತೆ. ಸಾಮಾನ್ಯ ಟ್ರಾಟಿನಲ್ಲಿ, ಅಂದ್ರೆ ಕುದುರೆಯ ಕುಲುಕು ಓಟದಲ್ಲಿ, ಮುಂದಿನ ಎಡಗಾಲು, ಹಿಂದಿನ ಬಲಗಾಲು ಒಟ್ಟಿಗೇ ನೆಲಕ್ಕೆ ಬೀಳುತ್ತವೆ. ಅದಕ್ಕೇ ಸವಾರ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಮೇಲೇಳಬೇಕು, ಇಲ್ಲದಿದ್ರೆ ಸೊಂಟಕ್ಕೆ ಪೆಟ್ಟು. ಫಾಕ್ಸ್‌ಟ್ರಾಟಿನಲ್ಲಿ ಮುಂದಿನ ಗೊರಸು ಒಂದು ಕ್ಷಣ ಮೊದಲೇ ನೆಲ ಮುಟ್ಟುತ್ತೆ. ಅಷ್ಟರಲ್ಲೇ ಕುಲುಕು ಒಡೆದುಹೋಗುತ್ತೆ. ಲಗಾಮು ಸಡಿಲ ಬಿಟ್ಟು ಮಾತಾಡ್ಕೊಂಡು ಹೋಗಬಹುದು. ನಮ್ಮ ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ರೇವಾಲ ಚಾಲಿನಲ್ಲಿ ಕೂತವರಿಗೆ ಈ ಸುಖ ಗೊತ್ತು. ಕಾಲಿನ ಲೆಕ್ಕ ಅಲ್ಲಿ ಬೇರೆ, ಸವಾರನಿಗೆ ಸಿಗೋ ಆರಾಮ ಒಂದೇ.

[ದೃಶ್ಯ: ಒದ್ದೆ ಬೆರಳಿನಿಂದ ಕುತ್ತಿಗೆಯ ಕೂದಲು ಬಿಡಿಸುತ್ತಿರುವುದು]

ಸವಾರಿಗೆ ಮೊದಲೂ ಆಮೇಲೂ ಇರೋ ಕೆಲಸದಲ್ಲಿ ಕರ್ಲಿ ಬೇರೆ ಕುದುರೆಗಳಿಗಿಂತ ಪೂರ್ತಿ ಬೇರೆ. ಇಲ್ಲಿ ನಮ್ಮ ಲಾಯಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಖರಾರ ಹಿಡಿದು ಮೈ ಉಜ್ಜೋದು ರೂಢಿ. ಚಳಿಗಾಲದ ಕರ್ಲಿಗೆ ಹಾಗೆ ಉಜ್ಜಿದ್ರೆ ಸುರುಳಿ ಬಿಚ್ಚಿಕೊಂಡು ಹಿಂಜಿದ ಹತ್ತಿ ಆಗುತ್ತೆ. ಕೆಸರು ಒಣಗೋಕೆ ಬಿಟ್ಟು, ಬೆರಳಿನಿಂದ ಉದುರಿಸಬೇಕು. ಜೀನು ಕೂರೋ ಜಾಗ ಮಾತ್ರ ಚೊಕ್ಕಟ ಮಾಡಲೇಬೇಕು, ಅಲ್ಲಿ ಒಂದು ಹರಳು ಉಳಿದರೂ ಹುಣ್ಣಾಗುತ್ತೆ. ಕುತ್ತಿಗೆಯ ಕೂದಲಿಗೆ ಬಾಚಣಿಗೆ ಹಾಕಿದ್ರೆ ಎಳೆಗಳು ಕಿತ್ತು ಬರುತ್ತವೆ. ನೀರು ಚಿಮುಕಿಸಿ, ಕೈಯಲ್ಲಿ ಒಂದೊಂದೇ ಎಳೆ ಬಿಡಿಸ್ತಾ ಕೂರಬೇಕು. ಇನ್ನೊಂದು, ದಟ್ಟ ಕೂದಲಲ್ಲಿ ಬೆವರು ಬೇಗ ಒಣಗೋದಿಲ್ಲ. ಸವಾರಿ ಮುಗಿದ ಮೇಲೆ ಕುದುರೆಯನ್ನ ಕೈಯಲ್ಲಿ ಹಿಡಿದು ನಡೆಸಬೇಕು, ಉಣ್ಣೆಯ ಹೊದಿಕೆ ಹಾಕಬೇಕು.

ಬೇಸಿಗೆ ಬಂದ್ರೆ ಇನ್ನೊಂದು ಅಚ್ಚರಿ. ಮೈಯ ಸುರುಳಿಯೆಲ್ಲ ಉದುರಿ ಕೆಲವು ಕರ್ಲಿಗಳು ಮಾಮೂಲಿ ಕುದುರೆ ಥರ ಕಾಣುತ್ತವೆ. ಕೆಲವಕ್ಕೆ ಕುತ್ತಿಗೆಯ ಕೂದಲು, ಬಾಲದ ಕೂದಲು ಕೂಡ ಹೆಚ್ಚುಕಡಿಮೆ ಪೂರ್ತಿ ಉದುರಿ, ಚಳಿಗಾಲದ ಹೊತ್ತಿಗೆ ಮತ್ತೆ ಬೆಳೆಯುತ್ತೆ. ಗೊತ್ತಿಲ್ಲದೋರು ಚರ್ಮರೋಗ ಅಂದುಕೊಳ್ತಾರೆ. ಬಾಲದ ಕೂದಲಿಲ್ಲದ ಕುದುರೆಗೆ ನೊಣ ಓಡಿಸೋಕೆ ಆಗೋದಿಲ್ಲ, ಅದಕ್ಕೆ ತೆಳು ಜಾಲರಿಯ ಹೊದಿಕೆ ಹಾಕ್ತಾರೆ.

ಈ ಕೂದಲಿನ ಗುಟ್ಟು ಕೆರಾಟಿನ್ ಅನ್ನೋ ಪ್ರೋಟೀನಿನಲ್ಲಿದೆ. ಕೂದಲ ಬುಡದ ಒಳಪೊರೆಯಲ್ಲಿ ಇರೋ ಕೆಆರ್‌ಟಿ25 ಅನ್ನೋ ವಂಶವಾಹಿಯಲ್ಲಿ ಒಂದು ಸಣ್ಣ ಬದಲಾವಣೆ. ತಂದೆ ಅಥವಾ ತಾಯಿ, ಒಬ್ಬರಿಂದ ಬಂದ್ರೆ ಸಾಕು, ಮರಿ ಸುರುಳಿಯಾಗಿ ಹುಟ್ಟುತ್ತೆ. ಬಾಲ ಉದುರೋ ಕಾಟವೂ ಇದೇ ಬದಲಾವಣೆಯ ಜೊತೆಗೆ ಬರುತ್ತೆ. ಎಸ್‌ಪಿ6 ಅನ್ನೋ ಇನ್ನೊಂದು ವಂಶವಾಹಿಯಿಂದ ಸುರುಳಿ ಬಂದ ಕುದುರೆಗಳೂ ಇವೆ. ವಿಜ್ಞಾನಿಗಳು ಇದನ್ನ ಬಿಡಿಸಿದ್ದು 2018ರ ಆಸುಪಾಸಿನಲ್ಲಿ.

[ದೃಶ್ಯ: ನೆವಾಡಾದ ಬೆಟ್ಟಗಳ ನಕ್ಷೆ]

ಈಗ ಈ ತಳಿ ಉಳಿದ ಕಥೆ. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನ ವರ್ಷಕ್ಕೊಂದು ಚಿತ್ರ ಬರೆದು ಕಾಲ ಲೆಕ್ಕ ಇಡ್ತಿದ್ದರು. 1800ರ ನಂತರದ ಮೊದಲ ಕೆಲವು ವರ್ಷಗಳ ಚಿತ್ರದಲ್ಲೇ ಸುರುಳಿ ಕೂದಲಿನ ಕುದುರೆ ಇದೆ, ಕ್ರೋ ಅನ್ನೋ ಇನ್ನೊಂದು ಬುಡಕಟ್ಟಿನಿಂದ ಕದ್ದು ತಂದದ್ದು ಅಂತ. ಆಮೇಲೆ 1898ರಲ್ಲಿ ಅಮೆರಿಕದ ನೆವಾಡಾ ರಾಜ್ಯದ ಪೀಟರ್ ಹ್ಯಾನ್ಸನ್ ಬೆಟ್ಟಸಾಲಿನಲ್ಲಿ ಪೀಟರ್ ಡಮೇಲೆ ಅನ್ನೋ ಹುಡುಗ ಅಪ್ಪನ ಜೊತೆ ಹೋಗ್ತಿದ್ದಾಗ ಮೂರು ಕಾಡುಕುದುರೆ ಕಂಡ. ಮೂರಕ್ಕೂ ಮೈತುಂಬ ಸುರುಳಿ. ದನ ಮೇಯಿಸೋ ಕುಟುಂಬ ಅದು. 1932ರ ಚಳಿಗಾಲ ಭಯಂಕರವಾಗಿತ್ತು. ಬಯಲಿನಲ್ಲಿ ಬೇರೆ ಕುದುರೆಗಳು ಸತ್ತವು, ಸುರುಳಿ ಕೂದಲಿನವು ಬದುಕಿ ಬಂದವು. ಆಗ ಡಮೇಲೆ ಕುಟುಂಬ ಅವನ್ನ ಹಿಡಿದು, ಪಳಗಿಸಿ, ದಿನದ ಕೆಲಸಕ್ಕೆ ಹಚ್ಚಿತು. ಜೀನು ಹಾಕಿ ದನ ಅಟ್ಟಿದ್ರು, ಮೈಲಿಗಟ್ಟಲೆ ಸವಾರಿ ಮಾಡಿದ್ರು. ಆಮೇಲೆ ಅರಬ್ಬಿ ಮತ್ತು ಮೋರ್ಗನ್ ತಳಿಯ ಗಂಡುಕುದುರೆಗಳನ್ನ ಬಳಸಿ ತಳಿ ಬೆಳೆಸಿದ್ರು.

1971ರಲ್ಲಿ ಅಮೆರಿಕದಲ್ಲಿ ಈ ತಳಿಗೆ ನೋಂದಣಿ ಸಂಸ್ಥೆ ಶುರುವಾಯ್ತು. ಹೆಸರಿಗೆ ಬಷ್ಕಿರ್ ಅಂತ ಸೇರಿಸಿದ್ರು, ರಷ್ಯಾದ ಬಷ್ಕೀರಿಯಾದಿಂದ ಬಂದದ್ದು ಅನ್ನೋ ನಂಬಿಕೆಯಿಂದ. ಅದಕ್ಕೆ ಆಧಾರ ಸಿಗಲಿಲ್ಲ. ಲೋಕದಲ್ಲೆಲ್ಲ ಸೇರಿ ಕರ್ಲಿಗಳು ಇವತ್ತಿಗೂ ಕೆಲವೇ ಸಾವಿರ. ಆದರೂ ಉಳಿದಿವೆ. ನನಗೆ ಅನಿಸೋದು, ಬರೀ ನೋಟಕ್ಕೆ ಕಟ್ಟಿಹಾಕಿದ್ದಿದ್ರೆ ಈ ಕುದುರೆಗಳು ಡಮೇಲೆ ಅವರ ಮೊಮ್ಮಕ್ಕಳ ಕಾಲಕ್ಕೇ ಮುಗಿದುಹೋಗ್ತಿದ್ದವು. ಕೆಲಸಕ್ಕೆ ಹಚ್ಚಿದ್ದೇ ಉಳಿಸಿತು.

[ದೃಶ್ಯ: ಕುದುರೆಯ ಚರ್ಮದ ಹೊಟ್ಟು, ಜೊಲ್ಲು ತೋರಿಸುವ ಸರಳ ಚಿತ್ರ]

ಅಲರ್ಜಿಯ ಮಾತಿಗೆ ಬರೋಣ. ಪುಣೆಯ ಕನ್ನಡದ ಗೆಳತಿಯರು ನನ್ನನ್ನ ಹೆಚ್ಚು ಕೇಳಿದ್ದು ಇದನ್ನೇ. ಕರ್ಲಿಯಿಂದ ಅಲರ್ಜಿ ಬರೋದೇ ಇಲ್ಲ ಅಂತ ಎಲ್ಲೆಡೆ ಬರೆದಿರ್ತಾರೆ. ಅದು ಪೂರ್ತಿ ನಿಜ ಅಲ್ಲ.

ಕುದುರೆಯ ಅಲರ್ಜಿಗೆ ಮುಖ್ಯ ಕಾರಣ ಈಕ್ಯು ಸಿ 1 ಅನ್ನೋ ಪ್ರೋಟೀನು. ಅದು ಚರ್ಮದ ಹೊಟ್ಟಿನಲ್ಲಿ, ಜೊಲ್ಲಿನಲ್ಲಿ ಇರುತ್ತೆ, ಅಲ್ಲಿಂದ ಕೂದಲಿಗೆ ಅಂಟುತ್ತೆ. ಕೂದಲು ಸುರುಳಿ ಇರಲಿ, ನೆಟ್ಟಗಿರಲಿ, ಪ್ರೋಟೀನು ಇದ್ದೇ ಇರುತ್ತೆ. ಜರ್ಮನಿಯಲ್ಲಿ ಬೇರೆ ಬೇರೆ ತಳಿಗಳ ಕೂದಲನ್ನ ಅಳೆದಾಗ ಕರ್ಲಿಯಲ್ಲೂ ಈ ಅಲರ್ಜಿಕಾರಕ ಸಿಕ್ಕಿತು. ಅಲ್ಲೇ ಇನ್ನೊಂದು ಅಧ್ಯಯನದಲ್ಲಿ ಅಲರ್ಜಿ ಇದ್ದ ಸವಾರರು ಕರ್ಲಿಗಳ ಮೇಲೆ ಮತ್ತೆ ಮತ್ತೆ ಸವಾರಿ ಮಾಡಿದಂತೆ ತೊಂದರೆ ಕಡಿಮೆಯಾದದ್ದೂ ಕಂಡಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ನನಗೆ ಕರ್ಲಿಯ ಹತ್ತಿರ ಕಣ್ಣು ಉರಿ ಬಹಳ ಕಡಿಮೆ ಇತ್ತು. ನಿಮಗೆ ಹಾಗೇ ಆಗುತ್ತೆ ಅಂತ ನಾನು ಹೇಳಲಾರೆ.

ಆ ಲಾಯದವರ ಪದ್ಧತಿ ನನಗೆ ಇಷ್ಟ ಆಯ್ತು. ಅಲ್ಲಿ ಬೇರೆ ತಳಿಯ ಕುದುರೆ ಇರಲಿಲ್ಲ. ಅಲರ್ಜಿ ಇದೆ ಅಂತ ಬಂದ ಮಗುವನ್ನ ನೇರ ಲಾಯದೊಳಗೆ ಕರೆಯೋದಿಲ್ಲ. ಮೊದಲು ಬಯಲಿನಲ್ಲಿ ದೂರ ನಿಂತು ನೋಡೋದು. ಏನೂ ಆಗದಿದ್ರೆ ಹತ್ತಿರ ಬಂದು ಕುತ್ತಿಗೆ ಮುಟ್ಟೋದು. ಇನ್ನೊಂದು ದಿನ ಮೈ ಸವರೋದು. ಹತ್ತೋದು ಎಲ್ಲಕ್ಕಿಂತ ಕೊನೆಗೆ. ಅಪ್ಪ ಅಮ್ಮ ಪಕ್ಕದಲ್ಲೇ, ವೈದ್ಯರ ಸಲಹೆ ಮೊದಲೇ ಪಡೆದು. ಕುದುರೆ ಮಾರೋದಕ್ಕಿಂತ ಹೀಗೆ ಹತ್ತಿಸೋದರಿಂದಲೇ ತಮ್ಮ ತಳಿ ಜನರಿಗೆ ಗೊತ್ತಾಗಿದ್ದು ಅಂತ ಆ ಮನೆಯೊಡತಿ ಹೇಳ್ತಿದ್ದರು. ಕೆಲವರು ಲಕೋಟೆಯಲ್ಲಿ ಕೂದಲು ಕಳಿಸಿ ಮೂಗಿಗೆ ಹಿಡಿದು ನೋಡಿ ಅಂತಾರೆ. ಅದನ್ನ ನಾನು ಒಪ್ಪೋದಿಲ್ಲ. ಒಣ ಕೂದಲಲ್ಲಿ ಜೀವಂತ ಕುದುರೆಯ ಜೊಲ್ಲು, ಬೆವರು ಅಷ್ಟು ಇರೋದಿಲ್ಲ. ಉಬ್ಬಸ ಇದ್ದವರಿಗೆ ಆ ಆಟ ಅಪಾಯ.

ಪುಣೆಯಲ್ಲೇ ಸವಾರಿ ಮಾಡೋರು ಇದನ್ನ ನೋಡಿ: ಲಾಯದಲ್ಲಿ ಸೀನು ಬಂತು ಅಂದ್ರೆ ಅದು ಕುದುರೆಯಿಂದಲೇ ಅಂತ ಅಲ್ಲ. ಮಳೆಗಾಲದ ಹುಲ್ಲಿನ ಬೂಷ್ಟು, ಮೇವಿನ ಧೂಳು, ಮೂತ್ರದ ಅಮೋನಿಯಾ ವಾಸನೆ, ಎಲ್ಲ ಮೂಗಿಗೆ ಶತ್ರು. ಚರ್ಮದ ಅಲರ್ಜಿ ಪರೀಕ್ಷೆ ಮಾಡಿಸಿದ್ರೆ ಯಾವುದು ಅಂತ ತಿಳಿಯುತ್ತೆ. ನನಗೆ ಸಹಾಯವಾದದ್ದು: ಹುಲ್ಲು ನೆನೆಸಿ ಹಾಕಿಸೋದು, ಖರಾರ ಮಾಡುವಾಗ ಮಾಸ್ಕ್, ತುಂಬು ತೋಳಿನ ಅಂಗಿ, ಮನೆಯ ಬಾಗಿಲಲ್ಲೇ ಬಟ್ಟೆ ಬದಲಿಸಿ ತಲೆಸ್ನಾನ. ಇನ್‌ಹೇಲರ್ ಬಳಸೋರು ಅದಿಲ್ಲದೆ ಲಾಯದ ಗೇಟು ದಾಟಬೇಡಿ.

[ದೃಶ್ಯ: ಭೀಮಾ ನದಿ, ಕುರಿಮಂದೆಯ ಜೊತೆ ನಡೆವ ಕುದುರೆಗಳು]

ಹಾಗಾದ್ರೆ ಒಂದು ಕರ್ಲಿ ಪುಣೆಗೆ ತರಬಹುದಾ? ನನ್ನ ಉತ್ತರ ಬೇಡ. ಹಿಮದ ಚಳಿ ತಡೆಯೋ ಮೈ ಅದರದು. ಕುದುರೆಯ ಕೂದಲು ಬೆಳೆಯೋದು, ಉದುರೋದು ಮುಖ್ಯವಾಗಿ ಹಗಲಿನ ಉದ್ದ ನೋಡಿಕೊಂಡು. ಪುಣೆಯಲ್ಲಿ ಚಳಿಗಾಲದ ಹಗಲಿಗೂ ಬೇಸಿಗೆಯ ಹಗಲಿಗೂ ಎರಡು ಗಂಟೆ ಚಿಲ್ಲರೆ ವ್ಯತ್ಯಾಸ, ಅಷ್ಟೇ; ದಪ್ಪ ಕೂದಲು ಸರಿಯಾಗಿ ಉದುರುತ್ತೆ ಅನ್ನೋ ಭರವಸೆ ನನಗಿಲ್ಲ. ಅದರ ಮೇಲೆ ಇಲ್ಲಿನ ಮಳೆ, ಕೆಸರಿಗೆ ಗೊರಸು ಕೊಳೆಯೋದು. ಒಂಟಿ ಕುದುರೆ ತಂದು ಫೋಟೋ ಹಾಕೋದರಿಂದ ತಳಿಗೆ ಏನೂ ಲಾಭ ಇಲ್ಲ.

ಕರ್ಲಿಯಿಂದ ನಾನು ಕಲಿತದ್ದನ್ನ ಇಲ್ಲೇ ಬಳಸೋ ಆಸೆ ನನಗೆ. ಭೀಮಾ ದಡದ ನಮ್ಮದೇ ಕುದುರೆ ಇದೆ, ಭೀಮಥಡಿ. ಮರಾಠರ ಸೈನ್ಯ ಏರಿದ ಕುದುರೆ. ಇವತ್ತು ಬಾರಾಮತಿ, ಸೊಲ್ಲಾಪುರ ಕಡೆ ಕುರಿ ಕಾಯೋ ಧನಗರರು ಮನೆಯ ಸಾಮಾನೆಲ್ಲ ಅದರ ಬೆನ್ನಿಗೇರಿಸಿ ಊರೂರು ನಡೀತಾರೆ. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಬ್ಯೂರೋ ಇದನ್ನ ಪ್ರತ್ಯೇಕ ತಳಿ ಅಂತ ನೋಂದಾಯಿಸಿ ಹೆಚ್ಚು ಕಾಲ ಆಗಿಲ್ಲ. ಗಿಡ್ಡ ಮೈ, ಗಟ್ಟಿ ಗೊರಸು, ಕಡಿಮೆ ಮೇವು. ಮಕ್ಕಳಿಗೆ ಕಲಿಸೋಕೆ ಒಪ್ಪುವಂಥ ಎತ್ತರ. ಆದರೂ ಪುಣೆಯ ಸವಾರಿ ಶಾಲೆಗಳಲ್ಲಿ ಮಕ್ಕಳನ್ನ ಕೂರಿಸೋದು ಹೆಚ್ಚಾಗಿ ರೇಸಿನಿಂದ ನಿವೃತ್ತಿಯಾದ ಎತ್ತರದ ಕುದುರೆಗಳ ಮೇಲೆ. ಇದು ನನಗೆ ನೋವಿನ ಸಂಗತಿ.

ಕುದುರೆಯ ನಂಟು ನಮ್ಮ ಜನಕ್ಕೆ ಹೊಸದೇನಲ್ಲ. ಆಳಂದಿಯಿಂದ ಪಂಢರಪುರಕ್ಕೆ ಹೊರಡೋ ಜ್ಞಾನೇಶ್ವರರ ಪಾಲ್ಕಿಯ ಕುದುರೆಗಳು ಬರೋದು ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಶಿತೋಳೆ ಸರಕಾರರ ಮನೆಯಿಂದ. ದಾರಿಯಲ್ಲಿ ನಡೆಯೋ ರಿಂಗಣ ಅನ್ನೋ ಓಟದಲ್ಲಿ ಮಾವುಲಿಯ, ಅಂದ್ರೆ ಜ್ಞಾನೇಶ್ವರರ, ಕುದುರೆ ಸವಾರನಿಲ್ಲದೆ ಸುತ್ತು ಓಡುತ್ತೆ, ಅದರ ಕಾಲಡಿಯ ಮಣ್ಣಿಗೆ ಪಾದಯಾತ್ರೆಯ ವಾರಕರಿ ಭಕ್ತರು ಮುಗಿಬೀಳ್ತಾರೆ.

ಕಾಕಾ ಈಗ ಒಂದು ಭೀಮಥಡಿ ಹೆಣ್ಣುಕುದುರೆಯನ್ನ ಮಕ್ಕಳ ಸವಾರಿಗೆ ಪಳಗಿಸ್ತಿದ್ದಾರೆ. ಕರ್ಲಿ ಲಾಯದ ಪದ್ಧತಿಯನ್ನೇ ಹಿಡಿದಿದ್ದೀವಿ: ಮೊದಲು ನೋಡೋದು, ಮುಟ್ಟೋದು, ಆಮೇಲೆ ಹತ್ತೋದು. ಮುಂದಿನ ವಿಡಿಯೋದಲ್ಲಿ ಅದರ ನಡೆ ತೋರಿಸ್ತೀನಿ, ಕಾಲುಗಳನ್ನ ನಿಧಾನಗತಿಯಲ್ಲಿ. ಅಷ್ಟರಲ್ಲಿ ಇಂಡಿ, ಅಫಜಲಪುರ, ಪಂಢರಪುರ ಕಡೆಯವರು, ನಿಮ್ಮ ಅಜ್ಜನ ಮನೆಯಲ್ಲಿ ಕುದುರೆ ಕಟ್ಟಿದ್ದರೆ ಅದರ ಹಳೇ ಫೋಟೋ ಹುಡುಕಿಡಿ. ಎತ್ತರ ಎಷ್ಟಿತ್ತು, ಬಣ್ಣ ಯಾವುದು, ಯಾರು ಹತ್ತುತ್ತಿದ್ದರು, ಯಾವ ಸಂತೆಯಿಂದ ತಂದದ್ದು ಅಂತ ಹಿರಿಯರನ್ನ ಕೇಳಿ ಬರೆದಿಡಿ. ತಳಿಯ ದಾಖಲೆ ಮಾಡೋರಿಗೆ ಅದು ಬೇಕಾಗುತ್ತೆ.