ಫ್ಯೂಚರಿಸ್ಟ್ ಅಂದರೆ ಯಾರು?

ಕೇಳುಗರೆ, ನಮಸ್ಕಾರ.

ಮುಂದಿನ ಕಾಲ ಹೇಗಿರಬಹುದು ಎಂದು ಯೋಚಿಸಿ ಹೇಳುವವರನ್ನು ಈಗ ಫ್ಯೂಚರಿಸ್ಟ್ ಎನ್ನುತ್ತಾರೆ. ಆ ಹೆಸರು ಕೇಳಿದ ಕೂಡಲೇ ಮನಸ್ಸಿಗೆ ಬರುವುದು ಗಂಡಸೇ, ಅಲ್ವಾ? ಅದಕ್ಕೆ ಕಾರಣ ಇದೆ.

ಈ ಹೆಸರನ್ನು ಲೋಕಕ್ಕೆಲ್ಲ ಸಾರಿದವನು ಇಟಲಿಯ ಕವಿ ಮರಿನೆಟ್ಟಿ. 1909ರ ಫೆಬ್ರವರಿ 20ರಂದು ಪ್ಯಾರಿಸ್ಸಿನ ಲೆ ಫಿಗಾರೋ ಪತ್ರಿಕೆಯಲ್ಲಿ ಅವನ ಪ್ರಣಾಳಿಕೆ ಅಚ್ಚಾಯಿತು. ವೇಗ ಬೇಕು, ಯಂತ್ರ ಬೇಕು, ಯುದ್ಧ ಬೇಕು ಎಂದ. ಹೆಣ್ಣೆಂದರೆ ತಾತ್ಸಾರ ಇರಬೇಕು ಎಂದೂ ಬರೆದ. 1912ರಲ್ಲಿ ಫ್ರಾನ್ಸಿನ ಲೇಖಕಿ ವಾಲಂಟೀನ್ ದ ಸ್ಯಾಂ ಪ್ವ್ಯಾಂ ತಮ್ಮದೇ ಪ್ರಣಾಳಿಕೆ ಹೊರಡಿಸಿ ಅದಕ್ಕೆ ಉತ್ತರ ಕೊಟ್ಟರು.

ಮರಿನೆಟ್ಟಿಯದು ಕಲೆಯ ಚಳವಳಿ. ಭವಿಷ್ಯವನ್ನು ಅಧ್ಯಯನ ಮಾಡುವವರು ಎಂಬ ಅರ್ಥ ಬಲವಾದದ್ದು ಆಮೇಲೆ. ಆದರೆ ಹೆಣ್ಣನ್ನು ಬದಿಗಿಡುವ ಹಳೆಯ ಚಾಳಿ ಹೋಗಲಿಲ್ಲ. ಭವಿಷ್ಯದ ಬಗ್ಗೆ ಬರೆದ 1970ರ 'ಫ್ಯೂಚರ್ ಶಾಕ್' ಪುಸ್ತಕಕ್ಕೆ ಅಮೆರಿಕದ ಲೇಖಕ ಆಲ್ವಿನ್ ಟಾಫ್ಲರ್ ಜೊತೆ ಹೆಂಡತಿ ಹೈಡಿಯೂ ದುಡಿದಿದ್ದರು. ಮುಖಪುಟದಲ್ಲಿ ಇದ್ದದ್ದು ಗಂಡನ ಹೆಸರು ಮಾತ್ರ. 1993ರ ಇನ್ನೊಂದು ಪುಸ್ತಕದಲ್ಲಿ ಇಬ್ಬರ ಹೆಸರೂ ಬಂತು. ನಮ್ಮಲ್ಲೂ ಅಷ್ಟೇ, ಪಂಚಾಂಗ ಬಿಡಿಸುವ ಜೋಯಿಸರದು ಶಾಸ್ತ್ರ, ಬುಟ್ಟಿ ಹೊತ್ತು ಬರುವ ಕೊರವಂಜಿಯದು ಬರೀ ಕಣಿ.

ನನ್ನನ್ನು ಕೇಳಿದರೆ ಈ ಹೆಸರು ಮೊದಲು ಸಲ್ಲಬೇಕಾದದ್ದು ರೊಕೇಯಾ ಸಖಾವತ್ ಹುಸೇನ್ ಅವರಿಗೆ. ಪರದೆಯೊಳಗೆ ಬೆಳೆದ ಬಂಗಾಳದ ಹೆಣ್ಣುಮಗಳು. ಮರಿನೆಟ್ಟಿಗಿಂತ ನಾಲ್ಕು ವರ್ಷ ಮುಂಚೆ, 1905ರಲ್ಲಿ, ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಅವರ 'ಸುಲ್ತಾನಾಸ್ ಡ್ರೀಮ್' ಎಂಬ ಇಂಗ್ಲಿಷ್ ಕಥೆ ಬಂತು. ಆ ಕಥೆಯ ದೇಶದಲ್ಲಿ ಗಂಡಸರು ಮನೆಯೊಳಗೆ. ರಾಜ್ಯ ಆಳುವುದು, ವಿಜ್ಞಾನದ ಪ್ರಯೋಗ ಮಾಡುವುದು ಎಲ್ಲ ಹೆಂಗಸರೇ. ಅಡುಗೆಮನೆಗೆ ಹೋಗಿ ನೋಡಿದರೆ ಹೊಗೆ ಇಲ್ಲ, ಇದ್ದಿಲಿಲ್ಲ, ಚಿಮಣಿಯೂ ಇಲ್ಲ. ಒಟ್ಟುಮಾಡಿದ ಬಿಸಿಲಿನ ಕಾವು ಕೊಳವೆಯಲ್ಲಿ ಬರುತ್ತದೆ, ಅದರಲ್ಲೇ ಅಡುಗೆ. ಮೋಡದಿಂದ ನೀರು ಎಳೆದುಕೊಳ್ಳುವ ಬಲೂನೂ ಉಂಟು. ಒಲೆ ಊದಿ ಊದಿ ಕಣ್ಣು ಕೆಂಪಾದ ಹೆಂಗಸರನ್ನು ಹತ್ತಿರದಿಂದ ಕಂಡವರಿಗೇ ಇಂಥದ್ದು ಹೊಳೆಯುವುದು. ಮರಿನೆಟ್ಟಿಯ ಪ್ರಣಾಳಿಕೆಯಲ್ಲಿ ರೇಸು ಕಾರಿತ್ತು, ಅಡುಗೆಮನೆ ಇರಲಿಲ್ಲ.

ರೊಕೇಯಾ ಸುಮ್ನೆ ಬರೆದು ಕೂರಲಿಲ್ಲ. ಅದೇ 1909ರಲ್ಲಿ, ಗಂಡ ತೀರಿಕೊಂಡ ಕೆಲವೇ ತಿಂಗಳಿಗೆ, ಭಾಗಲ್ಪುರದಲ್ಲಿ ಐದು ಹುಡುಗಿಯರನ್ನು ಸೇರಿಸಿಕೊಂಡು ಶಾಲೆ ತೆರೆದರು. 1911ರಲ್ಲಿ ಅದನ್ನು ಕಲ್ಕತ್ತೆಗೆ ತಂದರು. ಆ ಶಾಲೆ ಈಗಲೂ ನಡೆಯುತ್ತಿದೆ. ಅವರ ಕಥೆ ಚಿಕ್ಕದು, ಒಂದೇ ಕೂತಿಗೆ ಓದಿ ಮುಗಿಸಬಹುದು. ಮನೆಯ ಹೆಣ್ಣುಮಕ್ಕಳ ಜೊತೆ ಕೂತು ಓದಿ.

ನಮಸ್ಕಾರ.