ಹುಟ್ಟಿನಿಂದಲೇ ಬರುವ ಕೊಲೆಸ್ಟ್ರಾಲ್: ಕೊರಿಯಾದ ಕುಟುಂಬಗಳಲ್ಲಿ ಕಂಡದ್ದು

ಕೇಳುಗರೇ, ನಮಸ್ಕಾರ.

ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂದ ಕೂಡಲೇ ನಾವೆಲ್ಲ ಊಟದ ಕಡೆ ಬೆರಳು ತೋರಿಸುತ್ತೇವೆ, ಅಲ್ವಾ? ಎಣ್ಣೆ ಬಿಡಿ, ಕರಿದದ್ದು ಬಿಡಿ ಅನ್ನುತ್ತೇವೆ. ಆದರೆ ಕೆಲವರು ತೆಳ್ಳಗಿರುತ್ತಾರೆ, ಸಿಗರೇಟು ಮುಟ್ಟಿರುವುದಿಲ್ಲ, ಊಟವೂ ಹಿತಮಿತ. ಆದರೂ ನಲವತ್ತರ ಆಸುಪಾಸಿನಲ್ಲಿ ಹೃದಯಾಘಾತ ಆಗುತ್ತದೆ. ವಿಚಾರಿಸಿದರೆ ಅಪ್ಪನಿಗೂ ಹಾಗೇ ಆಗಿರುತ್ತದೆ. ಇದು ವಂಶದಲ್ಲಿ ಹರಿದು ಬರುವ ಕೊಲೆಸ್ಟ್ರಾಲ್. ವೈದ್ಯರು ಇದನ್ನು ಫೆಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ, ಚಿಕ್ಕದಾಗಿ ಎಫ್‌ಎಚ್ ಅನ್ನುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಇದು ಹೇಗೆ ಕಾಣಿಸಿಕೊಂಡಿದೆ ಅಂತ ಇವತ್ತು ಹೇಳುತ್ತೇನೆ.

ನಮ್ಮ ಯಕೃತ್ತಿನ ಜೀವಕೋಶಗಳ ಮೇಲೆ ಪುಟ್ಟ ಪುಟ್ಟ ಗ್ರಾಹಕಗಳಿವೆ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಅವು ಹಿಡಿದು ಒಳಗೆ ಎಳೆದುಕೊಳ್ಳುತ್ತವೆ. ಇದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್. 1985ರಲ್ಲಿ ಅವರಿಗೆ ನೊಬೆಲ್ ಬಂತು. ಈ ಗ್ರಾಹಕವನ್ನು ಮಾಡುವ ಜೀನ್ 19ನೇ ಕ್ರೋಮೋಸೋಮಿನಲ್ಲಿದೆ. ತಂದೆಯಿಂದಲೋ ತಾಯಿಯಿಂದಲೋ ಅದರ ಒಂದು ಕೆಟ್ಟ ಪ್ರತಿ ಬಂದರೂ ಸಾಕು, ಎಲ್‌ಡಿಎಲ್ ಹುಟ್ಟಿನಿಂದಲೇ ಏರಿರುತ್ತದೆ. ಇಂಥವರ ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಎಪಿಒಬಿ, ಪಿಸಿಎಸ್‌ಕೆ9 ಎಂಬ ಜೀನ್‌ಗಳಿಂದಲೂ ಹೀಗಾಗಬಹುದು, ಆದರೆ ಅದು ಕಡಿಮೆ.

ಕೊರಿಯಾದಲ್ಲಿ ಅಲ್ಲಿನ ಲಿಪಿಡ್ ತಜ್ಞರ ಸಂಘದ ನೆರವಿನಿಂದ ಇಂಥ 97 ರೋಗಿಗಳ ಜೀನ್‌ಗಳನ್ನು ಪರೀಕ್ಷಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ರೋಗ ತರಬಲ್ಲ ಜೀನ್ ದೋಷ ಸಿಕ್ಕಿದ್ದು ಶೇಕಡ 32 ಜನರಲ್ಲಿ ಮಾತ್ರ! ಹಾಗಾದರೆ ಉಳಿದವರು ಸುಮ್ನೆ ಭಯಪಟ್ಟರಾ? ಇಲ್ಲ. ಸಣ್ಣ ಸಣ್ಣ ಪ್ರಭಾವದ ಹಲವು ಜೀನ್‌ಗಳು ಒಟ್ಟಾಗಿಯೂ ಕೊಲೆಸ್ಟ್ರಾಲ್ ಏರಿಸಬಲ್ಲವು. ಜೀನ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂತ ಮಾತ್ರೆ ನಿಲ್ಲಿಸುವುದು ದೊಡ್ಡ ತಪ್ಪು. ರಕ್ತನಾಳಕ್ಕೆ ಪೆಟ್ಟು ಕೊಡುವುದು ಎಲ್‌ಡಿಎಲ್, ಅದು ಯಾವ ಜೀನಿನಿಂದ ಬಂದರೂ ಅಷ್ಟೇ.

ಎಲ್‌ಡಿಎಲ್ ಒಂದು ಡೆಸಿಲೀಟರ್ ರಕ್ತಕ್ಕೆ 225 ಮಿಲಿಗ್ರಾಂ ದಾಟಿದವರಲ್ಲಿ ಜೀನ್ ದೋಷ ಸಿಗುವ ಸಾಧ್ಯತೆ ಜಾಸ್ತಿ ಎಂಬುದೂ ಅದೇ ಅಧ್ಯಯನದಲ್ಲಿ ಗೊತ್ತಾಯಿತು. ಶೇಕಡ 28 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ವಯಸ್ಸಾದವರು, ಗಂಡಸರು, ಬಿಪಿ ಇರುವವರು, ಒಳ್ಳೆ ಕೊಲೆಸ್ಟ್ರಾಲ್ ಕಡಿಮೆ ಇರುವವರು ಇದಕ್ಕೆ ಹೆಚ್ಚು ತುತ್ತಾಗಿದ್ದರು. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಬಿಪಿ. ಜೀನ್ ಬದಲಿಸಲು ಆಗದು, ಬಿಪಿಯನ್ನು ಹಿಡಿತದಲ್ಲಿ ಇಡಬಹುದು.

ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗುವುದು, ಚಿಕ್ಕ ವಯಸ್ಸಿಗೇ ಕಣ್ಣಿನ ಕಪ್ಪಿನ ಸುತ್ತ ಬಿಳಿ ಉಂಗುರ ಮೂಡುವುದು ಇದರ ಗುರುತುಗಳು. ಆದರೆ ಎಲ್ಲರಲ್ಲೂ ಕಾಣುವುದಿಲ್ಲ. ರಕ್ತ ಪರೀಕ್ಷೆಯೇ ಗತಿ.

ಔಷಧಕ್ಕೇನೂ ಕೊರತೆಯಿಲ್ಲ. ಸ್ಟ್ಯಾಟಿನ್ ಮಾತ್ರೆ ಇದೆ, ಸಾಲದಿದ್ದರೆ ಎಜೆಟಿಮೈಬ್, ಅದೂ ಸಾಲದಿದ್ದರೆ ಪಿಸಿಎಸ್‌ಕೆ9 ಜೀನಿನ ಪ್ರೋಟೀನನ್ನು ತಡೆಯುವ ಚುಚ್ಚುಮದ್ದು. ಕೊರತೆ ಇರುವುದು ರೋಗಿಯನ್ನು ಬೇಗ ಗುರುತಿಸುವುದರಲ್ಲಿ. ಕೊರಿಯಾ ಸರ್ಕಾರ ಜನರಿಗೆ ಆರೋಗ್ಯ ತಪಾಸಣೆ ಮಾಡಿಸುತ್ತದೆ, ನಿಜಕ್ಕೂ ಒಳ್ಳೆಯ ಕೆಲಸ. ಆದರೆ 2018ರಲ್ಲಿ ಬಂದ ನಿಯಮದ ಪ್ರಕಾರ ಕೊಲೆಸ್ಟ್ರಾಲ್ ಪರೀಕ್ಷೆ ನಾಲ್ಕು ವರ್ಷಕ್ಕೊಮ್ಮೆ, ಗಂಡಸರಿಗೆ 24ರಿಂದ, ಹೆಂಗಸರಿಗೆ 40ರಿಂದ. ಸಾಮಾನ್ಯ ಜನರಿಗೆ ಇದು ಸರಿ ಇರಬಹುದು. ಎಫ್‌ಎಚ್ ಇರುವ ಮನೆಗೆ ಇದು ಸಾಲದು. 24ರ ತಮ್ಮನಿಗೆ ತಪಾಸಣೆ ಸಿಗುತ್ತದೆ, 32ರ ಅಕ್ಕನಿಗೆ ಸಿಗುವುದಿಲ್ಲ. ತಮ್ಮನ ಎಲ್‌ಡಿಎಲ್ 230 ಬಂದ ದಿನವೇ ವೈದ್ಯರು ಅಕ್ಕನನ್ನೂ ಅವಳ ಮಕ್ಕಳನ್ನೂ ಕರೆಸಿ ರಕ್ತ ನೋಡಬೇಕು. ಅವಳಿಗೆ 40 ತುಂಬಲಿ ಅಂತ ಕಾಯಬಾರದು.

ನಮಸ್ಕಾರ.